ಸೊಂಟನೋವಿನ ಹಿಂದೆ ಅಡಗಿದ ಮಾತು

ಆ ಮಾತು ಹೊರಗೆ ಬರುವುದು ಹೆಚ್ಚಾಗಿ ಕೊನೆಗೆ. ಹೆಂಗಸು ಫಿಸಿಯೋಥೆರಪಿ ವಿಭಾಗಕ್ಕೆ ಬಂದದ್ದು ಸೊಂಟನೋವಿಗೆ, ಇಲ್ಲವೇ ಮೊಣಕಾಲಿಗೆ. ಪರೀಕ್ಷೆ ಆಯಿತು, ವ್ಯಾಯಾಮ ಹೇಳಿಕೊಟ್ಟಾಯಿತು, ಮುಂದಿನ ವಾರ ಯಾವತ್ತು ಬರಬೇಕೆಂದು ಚೀಟಿಯಲ್ಲಿ ಬರೆದೂ ಆಯಿತು. ಚೀಟಿ ಮಡಚಿ ಬ್ಯಾಗಿಗೆ ಹಾಕಿ ಎದ್ದ ಮೇಲೆ, ಹೊರಗೆ ಬೆಂಚಿನಲ್ಲಿ ಕೂತ ಗಂಡನಿಗೋ ಸೊಸೆಗೋ ಕೇಳದ ಹಾಗೆ ದನಿ ತಗ್ಗಿಸಿ, “ಇನ್ನೊಂದು ಹೇಳ್ಲಿಕ್ಕುಂಟು ಮೇಡಂ. ಕೆಮ್ಮಿದರೆ, ಸೀನಿದರೆ ಚಂಡಿ ಆಗ್ತದೆ” ಅನ್ನುತ್ತಾರೆ. ಯಾವಾಗಿನಿಂದ ಎಂದು ಕೇಳಿದರೆ, “ಎರಡನೇ ಬಾಣಂತನದಿಂದ.” ಆ ಎರಡನೇ ಮಗು ಈಗ ಕಾಲೇಜಿಗೆ ಹೋಗುತ್ತಿರುತ್ತದೆ.

ಇಷ್ಟು ವರ್ಷ ಹೇಗೆ ಕಳೆದರು ಎಂದು ಯೋಚಿಸಿ ನೋಡಿ. ಧರ್ಮಸ್ಥಳಕ್ಕೋ ಸುಬ್ರಹ್ಮಣ್ಯಕ್ಕೋ ಬಸ್ಸು ಹತ್ತುವ ದಿನ ಬೆಳಗ್ಗಿನಿಂದ ನೀರು ಕುಡಿಯುವುದಿಲ್ಲ. ಮದುವೆ ಹಾಲಿನಲ್ಲಿ ಮೊದಲು ಹುಡುಕುವುದು ಶೌಚಾಲಯ ಎಲ್ಲಿದೆ ಎಂದು. ಹಳೆಯ ಹತ್ತಿಬಟ್ಟೆ ಮಡಚಿಟ್ಟುಕೊಳ್ಳದೆ ಮನೆಯಿಂದ ಹೊರಡುವುದಿಲ್ಲ. ದೇವಸ್ಥಾನದೊಳಗೆ ಕಾಲಿಡಲು ಮನಸ್ಸು ಹಿಂಜರಿಯುತ್ತದೆ. ನಮಾಜಿಗೆ ನಿಂತ ಬ್ಯಾರಿ ಅಜ್ಜಿಗೆ ನಡುವೆ ಒಂದು ಕೆಮ್ಮು ಬಂದರೆ ಮತ್ತೆ ಕೈಕಾಲು ಮುಖ ತೊಳೆದು ವುಝೂ ಮಾಡಬೇಕು. ಇಗರ್ಜಿಯ ಪೂಜೆಯಲ್ಲಿ ಬಾಗಿಲ ಹತ್ತಿರದ ಬೆಂಚನ್ನೇ ಆರಿಸುವವರಿದ್ದಾರೆ. ಇಷ್ಟಾದರೂ ಇದನ್ನು ಕಾಯಿಲೆ ಎಂದು ಅವರು ಎಣಿಸಿಲ್ಲ. ಹೆತ್ತ ಮೇಲೆ ಇದೆಲ್ಲ ಇದ್ದದ್ದೇ ಎಂದು ಅಮ್ಮ ಹೇಳಿದ್ದರು, ಅತ್ತೆ ಹೇಳಿದ್ದರು.

ಇದ್ದದ್ದೇ ಅಲ್ಲ. ಇದಕ್ಕೆ ಚಿಕಿತ್ಸೆ ಇದೆ, ಬಹುಪಾಲು ಸಂದರ್ಭಗಳಲ್ಲಿ ಆ ಚಿಕಿತ್ಸೆ ಮಾತ್ರೆಯಿಂದಲೂ ಅಲ್ಲ, ಚಾಕುವಿನಿಂದಲೂ ಅಲ್ಲ, ವ್ಯಾಯಾಮದಿಂದ ಶುರುವಾಗುತ್ತದೆ. ಅದನ್ನು ಕಲಿಸುವುದೇ ಕೆಲಸವಾಗಿರುವ ಫಿಸಿಯೋಥೆರಪಿಸ್ಟ್‌ಗಳಿದ್ದಾರೆ. ಕ್ರಿಕೆಟ್ ಆಟಗಾರನ ಭುಜಕ್ಕೆ, ಪಾರ್ಶ್ವವಾಯು ಬಡಿದವರ ಕೈಕಾಲಿಗೆ ಫಿಸಿಯೋ ಬೇಕು ಎಂಬುದು ನಮಗೆಲ್ಲ ಗೊತ್ತು. ಪೆಲ್ವಿಕ್ ಫ್ಲೋರ್ ಎಂಬ ಸ್ನಾಯುಗಳಿಗೂ ಬೇಕು ಎಂಬುದು ಗೊತ್ತಿರುವವರು ಕಡಿಮೆ.

ಮುಂದೆ ಕೈಗೆ ಸಿಗುವ ಗುಪ್ತಾಂಗದ ಮೇಲಿನ ಎಲುಬಿನಿಂದ ಹಿಂದೆ ಬೆನ್ನೆಲುಬಿನ ತುದಿಯ ಬಾಲದೆಲುಬಿನ ತನಕ, ಎಡಬಲ ಎರಡೂ ಬದಿಗೆ ಅಂಟಿಕೊಂಡು ಹರಡಿದ ಸ್ನಾಯುಗಳ ಪದರವಿದು. ಕಟ್ಟಿದ ಜೋಲಿಯ ಹಾಗೆ ಕಿಬ್ಬೊಟ್ಟೆಯ ತಳದಲ್ಲಿ ನಿಂತು ಮೂತ್ರಕೋಶ, ಗರ್ಭಕೋಶ, ಗುದನಾಳ ಮೂರನ್ನೂ ಹೊತ್ತಿರುತ್ತದೆ. ಹೊರುವುದಷ್ಟೇ ಅಲ್ಲ, ಮೂರರ ಬಾಗಿಲನ್ನೂ ಕಾಯುತ್ತದೆ. ನಾವು ಕೆಮ್ಮುವ ಮೊದಲೇ, ನಮಗೆ ಅರಿವಿಲ್ಲದೆ, ಈ ಸ್ನಾಯು ಬಿಗಿದುಕೊಂಡು ಮೂತ್ರನಾಳವನ್ನು ಒತ್ತಿಹಿಡಿಯುತ್ತದೆ. ಉಸಿರಾಡುವಾಗ ಎದೆ-ಹೊಟ್ಟೆಗಳ ನಡುವಿನ ವಪೆ ಕೆಳಗಿಳಿದರೆ ಇದೂ ಸ್ವಲ್ಪ ಇಳಿಯುತ್ತದೆ, ವಪೆ ಏರಿದರೆ ಏರುತ್ತದೆ. ಬಿಗಿಯಲೂ ಬರಬೇಕು, ಸಡಿಲಲೂ ಬರಬೇಕು. ಈ ಎರಡನೆಯದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಸಹಜ ಹೆರಿಗೆಯಲ್ಲಿ ಮಗುವಿನ ತಲೆ ಹೊರಬರುವ ಹೊತ್ತಿಗೆ ಈ ಸ್ನಾಯುವಿನ ನಡುಭಾಗ ತನ್ನ ಉದ್ದದ ಮೂರು ಪಟ್ಟಿಗೂ ಮಿಕ್ಕಿ ಹಿಗ್ಗುತ್ತದೆ ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ತಂಡ 2004ರಲ್ಲಿ ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿತು. ದೇಹದ ಬೇರೆ ಯಾವ ಸ್ನಾಯುವನ್ನಾದರೂ ಅಷ್ಟು ಎಳೆದರೆ ಹರಿದೇ ಹೋಗುತ್ತದೆ. ಇದು ಬಹುತೇಕ ಚೇತರಿಸಿಕೊಳ್ಳುತ್ತದೆ, ಕೆಲವರಲ್ಲಿ ಎಲುಬಿನಿಂದ ಕಿತ್ತುಬರುವುದೂ ಉಂಟು. ಫೋರ್ಸೆಪ್ಸ್ ಹಾಕಿದ ಹೆರಿಗೆಯಲ್ಲಿ ಆ ಅಪಾಯ ಹೆಚ್ಚು. ಸಿಸೇರಿಯನ್ ಆದವರು ಪೂರ್ತಿ ಪಾರಾದರು ಎಂದೇನೂ ಅಲ್ಲ, ಒಂಬತ್ತು ತಿಂಗಳ ಭಾರ ಅವರ ಸ್ನಾಯುವಿನ ಮೇಲೂ ಬಿದ್ದಿರುತ್ತದೆ.

ಹೆರಿಗೆಯ ಮೇಲೆ ನಮ್ಮ ಕರಾವಳಿಯ ಬದುಕು ತನ್ನ ಪಾಲಿನದನ್ನೂ ಸೇರಿಸುತ್ತದೆ. ದಕ್ಕೆಯಲ್ಲಿ ಮೀನಿನ ಬುಟ್ಟಿ ಎತ್ತಿ ತಲೆಯ ಮೇಲೆ ಹೊರುವವರು, ಬಾವಿಯಿಂದ ಕೊಡಪಾನ ಸೇದುವವರು, ಗೋಡಂಬಿ ಕಾರ್ಖಾನೆಯಲ್ಲಿ ದಿನವಿಡೀ ಒಂದೇ ಭಂಗಿಯಲ್ಲಿ ಇರುವವರು. ಗೆರಸೆ ತೊಡೆಯ ಮೇಲಿಟ್ಟು ಬೀಡಿ ಕಟ್ಟುವ ಅಕ್ಕಂದಿರಿಗೆ ತಂಬಾಕಿನ ದೂಳಿನ ಜೊತೆಗೆ ವರ್ಷಗಟ್ಟಲೆಯ ಕೆಮ್ಮು. ಒಂದೊಂದು ಕೆಮ್ಮಿಗೂ ಹೊಟ್ಟೆಯೊಳಗಿನ ಒತ್ತಡವೆಲ್ಲ ಹೋಗಿ ಬೀಳುವುದು ಈ ತಳದ ಮೇಲೆಯೇ. ಮಲಬದ್ಧತೆಯಿಂದ ತಿಣುಕುವುದು, ಮೈಭಾರ, ಮುಟ್ಟು ನಿಂತ ಮೇಲೆ ಅಂಗಾಂಶ ತೆಳುವಾಗುವುದು, ಇವೂ ಸೇರುತ್ತವೆ.

ಬಾಣಂತನದಲ್ಲಿ ನಮ್ಮ ಕಡೆ ತಾಯಂದಿರನ್ನು ನೋಡಿಕೊಳ್ಳುವ ರೀತಿಯ ಬಗ್ಗೆ ನನಗೆ ಗೌರವವಿದೆ. ಹಂಡೆಯ ಬಿಸಿನೀರು, ಎಣ್ಣೆ ತಿಕ್ಕುವ ಪಳಗಿದ ಕೈ, ಮೆಂತೆಗಂಜಿ, ನಲವತ್ತು ದಿನದ ವಿಶ್ರಾಂತಿ. ಹೆತ್ತವಳಿಗೆ ಆರಾಮ ಬೇಕು ಎಂದು ಇಷ್ಟು ಸ್ಪಷ್ಟವಾಗಿ ಒಪ್ಪಿದ ಪದ್ಧತಿ ದೊಡ್ಡದು. ಆದರೆ ಮೈಯ ಪ್ರತಿ ಕೀಲಿಗೂ ಎಣ್ಣೆ ಮುಟ್ಟಿಸುವ ಈ ಉಪಚಾರದಲ್ಲಿ, ಹೆರಿಗೆಯಲ್ಲಿ ಎಲ್ಲಕ್ಕಿಂತ ಹೆಚ್ಚು ದಣಿದ ಸ್ನಾಯುವಿನ ಸುದ್ದಿಯೇ ಇಲ್ಲ. ಹೊಟ್ಟೆ ಇಳಿಯಲೆಂದು ಬಟ್ಟೆ ಬಿಗಿಯುತ್ತೇವೆ. ಹದವಾಗಿ ಸುತ್ತಿದರೆ ಬೆನ್ನಿಗೆ ಆಸರೆ, ನಿಜ. ಉಸಿರು ಕಟ್ಟುವಷ್ಟು ಬಿಗಿದರೆ ಒತ್ತಡ ಕೆಳಕ್ಕೆ ಇಳಿದು ಇನ್ನೂ ಹಸಿಯಾಗಿರುವ ತಳಸ್ನಾಯುವಿನ ಮೇಲೆ ಕೂರುತ್ತದೆ. ಅಜ್ಜಿಯಂದಿರೊಡನೆ ಜಗಳವಾಡಬೇಕಿಲ್ಲ, ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ ಎಂದರೆ ಸಾಕು.

ಇನ್ನು ಫಿಸಿಯೋಥೆರಪಿಸ್ಟ್ ಏನು ಮಾಡುತ್ತಾರೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಯಾಕೆಂದರೆ ಅಲ್ಲಿಗೆ ಹೋಗದಿರಲು ಹೆದರಿಕೆಯೇ ಮುಖ್ಯ ಕಾರಣ.

ಮೊದಲ ಭೇಟಿಯ ಹೆಚ್ಚಿನ ಸಮಯ ಮಾತಿನಲ್ಲೇ ಹೋಗುತ್ತದೆ. ಎಷ್ಟು ಹೆರಿಗೆ, ಹೊಲಿಗೆ ಹಾಕಿದ್ದರೇ, ಮಗುವಿನ ತೂಕ ಎಷ್ಟಿತ್ತು, ರಾತ್ರಿ ಎಷ್ಟು ಸಲ ಏಳುತ್ತೀರಿ, ಕೆಮ್ಮಿದಾಗ ಹೋಗುವುದೋ ಅಥವಾ ಬಚ್ಚಲಿನ ತನಕ ತಡೆಯಲಾಗದೆ ಹೋಗುವುದೋ. ಈ ಕೊನೆಯ ಪ್ರಶ್ನೆಯಲ್ಲೇ ಅರ್ಧ ರೋಗನಿರ್ಣಯ ಇದೆ. ಮೊದಲನೆಯದು ಬಾಗಿಲು ಬಲ ಕಳೆದುಕೊಂಡ ಲಕ್ಷಣ, ಎರಡನೆಯದು ಮೂತ್ರಕೋಶ ತುಂಬುವ ಮೊದಲೇ ಅವಸರಪಡುವ ಲಕ್ಷಣ. ಹಲವರಲ್ಲಿ ಎರಡೂ ಇರುತ್ತವೆ. ಮೂರು ದಿನದ ಲೆಕ್ಕ ಬರೆದು ತನ್ನಿ ಎನ್ನುತ್ತಾರೆ: ಎಷ್ಟು ಹೊತ್ತಿಗೆ ಏನು ಕುಡಿದಿರಿ, ಎಷ್ಟು ಹೊತ್ತಿಗೆ ಹೋದಿರಿ, ಎಷ್ಟು ಹೋಯಿತು, ಯಾವಾಗ ಸೋರಿತು. ಅಳೆಯಲು ಒಂದು ಹಳೆಯ ಪ್ಲಾಸ್ಟಿಕ್ ಜಗ್ಗು ಸಾಕು.

ಆಮೇಲೆ ಪರೀಕ್ಷೆ. ಬಾಗಿಲು ಭದ್ರಪಡಿಸಿ, ಪರದೆ ಎಳೆದು, ಮೈಮೇಲೆ ಬಟ್ಟೆ ಹೊದೆಸಿ, ಏನು ಮಾಡಲಿದ್ದೇನೆಂದು ಮೊದಲೇ ಹೇಳಿ, ಒಪ್ಪಿಗೆ ಕೇಳಿದ ಮೇಲಷ್ಟೇ ಮುಂದಿನ ಹೆಜ್ಜೆ. ಜೊತೆಗೆ ಯಾರಾದರೂ ಇರಲಿ ಎಂದರೆ ಇರಬಹುದು. ಕೈಗವಸು ಹಾಕಿದ ಒಂದು ಬೆರಳಿನಿಂದ ಒಳಗಿನ ಸ್ನಾಯುವನ್ನು ಮುಟ್ಟಿ, “ಗ್ಯಾಸ್ ಹೊರಗೆ ಹೋಗದ ಹಾಗೆ ತಡೆಯಿರಿ ಅಕ್ಕ, ಒಳಕ್ಕೆ ಎಳೆದು ಮೇಲಕ್ಕೆ ಎತ್ತಿ” ಎನ್ನುತ್ತಾರೆ. ಎಷ್ಟು ಬಲವಾಗಿ ಹಿಡಿಯುತ್ತದೆ ಎಂದು 0ಯಿಂದ 5ರ ತನಕ ಅಂಕ. ಎಷ್ಟು ಸೆಕೆಂಡು ಹಿಡಿದು ನಿಲ್ಲಬಲ್ಲದು, ಎಷ್ಟು ಸಲ ಮರಳಿ ಮಾಡಬಲ್ಲದು ಎಂಬುದನ್ನೂ ಗುರುತು ಹಾಕಿಕೊಳ್ಳುತ್ತಾರೆ. ಮದುವೆಯಾಗದವರಿಗೆ, ಬೇಡವೆಂದವರಿಗೆ ಈ ಒಳಪರೀಕ್ಷೆ ಕಡ್ಡಾಯವಲ್ಲ. ಹೊರಗಿನಿಂದ ನೋಡಿ, ಹೊಟ್ಟೆಯ ಮೇಲೆ ಅಲ್ಟ್ರಾಸೌಂಡ್ ಇಟ್ಟು, ಅಥವಾ ಚರ್ಮಕ್ಕೆ ಅಂಟಿಸುವ ಎಲೆಕ್ಟ್ರೋಡ್‌ನಿಂದ ಪರದೆಯ ಮೇಲೆ ಗೆರೆ ಏರಿಳಿಯುವುದನ್ನು ತೋರಿಸಿಯೂ ಕಲಿಸಬಹುದು. ತನ್ನ ಮೈಯ ಯಾವ ಭಾಗವನ್ನು ಇಷ್ಟು ವರ್ಷ ಗಮನಿಸಿಯೇ ಇರಲಿಲ್ಲವೋ ಅದು ತಾನು ಹೇಳಿದಂತೆ ಕೇಳುವುದನ್ನು ಪರದೆಯ ಮೇಲೆ ಕಾಣುವುದು ಸಣ್ಣ ಸಂಗತಿಯಲ್ಲ.

ಈ ವ್ಯಾಯಾಮಕ್ಕೆ ಹೆಸರು ಕೊಟ್ಟವರು ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್. 1948ರಲ್ಲಿ ಅವರ ಲೇಖನ ಪ್ರಕಟವಾಯಿತು. ಕೆಗೆಲ್ ಬರೀ ಬಾಯಲ್ಲಿ ಹೇಳಿ ಕಳಿಸಿದವರಲ್ಲ, ಒತ್ತಡ ಅಳೆಯುವ ಒಂದು ಉಪಕರಣವನ್ನೇ ಮಾಡಿ, ರೋಗಿ ತನ್ನ ಪ್ರಗತಿಯನ್ನು ಮುಳ್ಳಿನ ಮೇಲೆ ನೋಡುವ ಹಾಗೆ ಮಾಡಿದ್ದರು. ಯೋಗ ಬಲ್ಲವರು ಇದನ್ನು ಓದುವಾಗ ಮೂಲಬಂಧ ನೆನಪಾಯಿತು ಎಂದರೆ ಆಶ್ಚರ್ಯವಿಲ್ಲ, ಅಲ್ಲಿ ಸಂಕೋಚಿಸುವುದೂ ಇದೇ ಜಾಗ. ಕೆಗೆಲ್ ಹೆಸರು ಉಳಿಯಿತು, ಅಳೆದು ಕಲಿಸುವ ಕ್ರಮ ಮಾತ್ರ ಬಿಟ್ಟುಹೋಯಿತು. ಈಗ ಡಿಸ್ಚಾರ್ಜ್ ಆಗುವಾಗ ಯಾರೋ ಒಂದು ಕಾಗದ ಕೈಗಿಡುತ್ತಾರೆ, ಉಳಿದದ್ದನ್ನು ಯೂಟ್ಯೂಬ್ ನೋಡಿಕೊಳ್ಳುತ್ತದೆ.

ಅದು ಸಾಲದು ಎನ್ನಲು ಪುರಾವೆ ಹಳೆಯದು. 1991ರಲ್ಲಿ ಅಮೆರಿಕದಲ್ಲಿ 47 ಮಹಿಳೆಯರಿಗೆ ಬಾಯಿಮಾತಿನಲ್ಲಿ ಈ ವ್ಯಾಯಾಮ ಹೇಳಿಕೊಟ್ಟು ಪರೀಕ್ಷಿಸಿದಾಗ, ಸರಿಯಾಗಿ ಮಾಡಿದವರು ಅರ್ಧದಷ್ಟು ಮಾತ್ರ. ನಾಲ್ಕರಲ್ಲೊಬ್ಬರು ಸೋರಿಕೆ ಇನ್ನೂ ಹೆಚ್ಚುವ ರೀತಿಯಲ್ಲಿ ಮಾಡುತ್ತಿದ್ದರು. ಒಳಕ್ಕೆ ಎಳೆಯುವ ಬದಲು ಹೆರಿಗೆಯ ಹೊತ್ತಿನಲ್ಲಿ ತಿಣುಕಿದಂತೆ ಕೆಳಕ್ಕೆ ತಳ್ಳುವುದು, ಪೃಷ್ಠ ಬಿಗಿಯುವುದು, ತೊಡೆ ಒತ್ತುವುದು, ಉಸಿರು ಕಟ್ಟುವುದು: ತಪ್ಪುಗಳು ಇವೇ. ಮೂರು ತಿಂಗಳು ತಪ್ಪು ವ್ಯಾಯಾಮ ಮಾಡಿ, ಇದರಿಂದ ಏನೂ ಪ್ರಯೋಜನವಿಲ್ಲ ಎಂದು ಬಿಟ್ಟವರಿಗೆ ಬೇಕಾದದ್ದು ಹೊಸ ಚಿಕಿತ್ಸೆಯಲ್ಲ, ಇದೇ ಚಿಕಿತ್ಸೆಯನ್ನು ಸರಿಯಾಗಿ ಕಲಿಸುವ ಒಬ್ಬರು.

ಸರಿಯಾಗಿ ಕಲಿತರೆ ಫಲ ಎಷ್ಟು? ವೈದ್ಯಕೀಯ ಪ್ರಯೋಗಗಳನ್ನು ಒಟ್ಟುಗೂಡಿಸಿ ತೂಗುವ ಕಾಕ್ರೇನ್ ಸಂಸ್ಥೆಯ 2018ರ ವಿಮರ್ಶೆ 14 ದೇಶಗಳ 31 ಪ್ರಯೋಗಗಳನ್ನು, 1,817 ಮಹಿಳೆಯರನ್ನು ಒಳಗೊಂಡಿತ್ತು. ಕೆಮ್ಮು-ಸೀನಿಗೆ ಸೋರುವ ತೊಂದರೆಯವರಲ್ಲಿ ವ್ಯಾಯಾಮ ಮಾಡಿದವರ ಪೈಕಿ ಶೇ 56 ಮಂದಿ ಗುಣವಾಯಿತು ಎಂದರು. ಮಾಡದವರಲ್ಲಿ ಹಾಗೆಂದವರು ಶೇ 6. ಮಂತ್ರಕ್ಕೆ ಮಾವಿನಕಾಯಿ ಉದುರುವುದಿಲ್ಲ, ಇಲ್ಲೂ ಹಾಗೆಯೇ: ಸಾಮಾನ್ಯವಾಗಿ ಒಂದು ಸಲಕ್ಕೆ ಕನಿಷ್ಠ 8 ಬಾರಿ ಬಿಗಿದು ಬಿಡುವುದು, ಹಾಗೆ ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು. ಆರಂಭದಲ್ಲಿ ಎರಡು ಸೆಕೆಂಡೂ ಹಿಡಿಯಲಾಗದವರು ಹತ್ತು ಸೆಕೆಂಡಿಗೆ ಬರುತ್ತಾರೆ. ಮೂತ್ರ ಮಾಡುತ್ತಿರುವಾಗಲೇ ನಡುವೆ ತಡೆದು ವ್ಯಾಯಾಮ ಮಾಡಬೇಡಿ, ಮೂತ್ರಕೋಶ ಪೂರ್ತಿ ಖಾಲಿಯಾಗುವುದಕ್ಕೆ ಅದು ಅಡ್ಡಿ. ಜೊತೆಗೊಂದು ಉಪಾಯ: ಕೆಮ್ಮು ಬರುತ್ತಿದೆ ಎನಿಸಿದ ಕೂಡಲೇ, ಕೊಡಪಾನ ಎತ್ತುವ ಮೊದಲೇ, ಆ ಸ್ನಾಯುವನ್ನು ಬಿಗಿಹಿಡಿಯುವುದು. ಸರಿಯಾಗಿ ಕಲಿತವರಿಗೆ ಒಂದೇ ವಾರದಲ್ಲಿ ಸೋರಿಕೆ ಕಡಿಮೆಯಾದದ್ದೂ ಅಧ್ಯಯನಗಳಲ್ಲಿ ದಾಖಲಾಗಿದೆ.

ಅವಸರದ ತೊಂದರೆಗೆ ದಾರಿ ಬೇರೆ. ಆರೋಗ್ಯವಂತರ ಮೂತ್ರಕೋಶ 300ರಿಂದ 500 ಮಿಲಿಲೀಟರ್ ಹಿಡಿಯುತ್ತದೆ, ಮೂರು-ನಾಲ್ಕು ಗಂಟೆಗೊಮ್ಮೆ ಹೋದರೆ ಸಾಕು. ಹೊರಡುವ ಮೊದಲು ಇರಲಿ ಎಂದು ಒಮ್ಮೆ, ತಲುಪಿದ ಕೂಡಲೇ ಒಮ್ಮೆ ಹೋಗುತ್ತ ಹೋಗುತ್ತ ಅದಕ್ಕೆ ಅರ್ಧ ತುಂಬುವಾಗಲೇ ಕೂಗುವ ಅಭ್ಯಾಸವಾಗುತ್ತದೆ. ಆ ಅಂತರವನ್ನು ಹತ್ತು ಹದಿನೈದು ನಿಮಿಷದಂತೆ ನಿಧಾನಕ್ಕೆ ಹಿಗ್ಗಿಸುವುದೇ ಚಿಕಿತ್ಸೆ. ನೀರು ಕಡಿಮೆ ಮಾಡುವುದು ಪರಿಹಾರವಲ್ಲ. ನಮ್ಮ ಊರಿನ ಬೆವರಿಗೆ ನೀರು ಕುಡಿಯದೆ ಇದ್ದರೆ ಮೂತ್ರ ಗಾಢವಾಗಿ ಮೂತ್ರಕೋಶಕ್ಕೆ ಇನ್ನಷ್ಟು ಉರಿ. ಕಡಿಮೆ ಮಾಡಬೇಕಾದದ್ದು ಚಾ-ಕಾಫಿಯನ್ನು. ಒಂದು ಎಚ್ಚರಿಕೆ: ಉರಿ, ಜ್ವರ, ಮೂತ್ರದಲ್ಲಿ ರಕ್ತ, ಇದ್ದಕ್ಕಿದ್ದಂತೆ ಮೂತ್ರ ಕಟ್ಟುವುದು, ಕಾಲಿನ ಜೋಮು ಇದ್ದರೆ ಮೊದಲು ವೈದ್ಯರ ಬಳಿಗೆ ಹೋಗಬೇಕು. ಸಕ್ಕರೆ ಕಾಯಿಲೆಯನ್ನೂ ಪರೀಕ್ಷಿಸಿಕೊಳ್ಳಬೇಕು.

“ಕೆಳಗೆ ಏನೋ ಬಂದ ಹಾಗೆ ಆಗ್ತದೆ” ಎನ್ನುವವರ ಕಷ್ಟ ಇದಕ್ಕಿಂತ ಭಾರ. ಗರ್ಭಕೋಶ ಜಾರುವುದರಲ್ಲಿ ಹಂತಗಳಿವೆ, ಮೊದಲ ಹಂತಗಳಲ್ಲಿ ವ್ಯಾಯಾಮ ಕೆಲಸ ಮಾಡುತ್ತದೆ. ಬ್ರಿಟನ್, ನ್ಯೂಜಿಲೆಂಡ್, ಆಸ್ಟ್ರೇಲಿಯಾಗಳಲ್ಲಿ 447 ಮಹಿಳೆಯರ ಮೇಲೆ ನಡೆದು 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ, 16 ವಾರಗಳಲ್ಲಿ ಐದೇ ಸಲ ಫಿಸಿಯೋಥೆರಪಿಸ್ಟ್‌ರನ್ನು ಕಂಡು ಮನೆಯಲ್ಲಿ ವ್ಯಾಯಾಮ ಮಾಡಿದವರ ತೊಂದರೆ ಬರೀ ಸಲಹೆಯ ಕಾಗದ ಪಡೆದವರಿಗಿಂತ ಕಡಿಮೆಯಾಯಿತು. ಇನ್ನೂ ಇಳಿದಿದ್ದರೆ ಒಳಗಿಡುವ ಸಿಲಿಕೋನ್ ಪೆಸರಿ ಬಳೆ ಇದೆ. ಶಸ್ತ್ರಚಿಕಿತ್ಸೆ ಬೇಕಾಗುವವರೂ ಇದ್ದಾರೆ, ಅದನ್ನು ಮುಂದೂಡುತ್ತ ನರಳಬೇಕಿಲ್ಲ. ಆದರೆ ನಮ್ಮ ರಾಜ್ಯದಲ್ಲಿ ‘ಗರ್ಭಕೋಶ ತೆಗೆಸಿಬಿಡಿ’ ಎಂಬ ಮಾತು ತೀರಾ ಸುಲಭವಾಗಿ ಹೊರಡುತ್ತದೆ. ಹಾವೇರಿ ಜಿಲ್ಲೆಯ ತಾಂಡಾಗಳ ಲಂಬಾಣಿ ಮಹಿಳೆಯರು ಅಗತ್ಯವಿಲ್ಲದೆ ತಮ್ಮ ಗರ್ಭಕೋಶ ತೆಗೆಯಲಾಯಿತೆಂದು ವರ್ಷಗಟ್ಟಲೆ ಹೋರಾಡಿದ್ದಾರೆ. ಇಂಥ ಅನಗತ್ಯ ಶಸ್ತ್ರಚಿಕಿತ್ಸೆಗಳ ವಿರುದ್ಧ ಕೇಂದ್ರದ ಮಾರ್ಗಸೂಚಿಯನ್ನು ಮೂರು ತಿಂಗಳೊಳಗೆ ಅಳವಡಿಸಿಕೊಳ್ಳಿ ಎಂದು ಸುಪ್ರೀಂ ಕೋರ್ಟ್ 2023ರ ಏಪ್ರಿಲ್‌ನಲ್ಲಿ ರಾಜ್ಯಗಳಿಗೆ ಹೇಳಬೇಕಾಯಿತು. ಗರ್ಭಕೋಶ ತೆಗೆದರೂ ಬಲ ಕಳೆದುಕೊಂಡ ತಳಸ್ನಾಯು ಹಾಗೆಯೇ ಉಳಿಯುತ್ತದೆ, ಆಮೇಲೆ ಉಳಿದ ಭಾಗ ಜಾರುವುದೂ ಇದೆ.

ಸಡಿಲಿಸುವ ವಿಷಯಕ್ಕೆ ಬರುತ್ತೇನೆ. ಕೆಲವರ ತೊಂದರೆ ಸ್ನಾಯು ಸೋತದ್ದಲ್ಲ, ಬಿಗಿದೇ ಇರುವುದು. ಮದುವೆಯಾಗಿ ತಿಂಗಳುಗಳಾದರೂ ನೋವಿನಿಂದ ಗಂಡ ಹೆಂಡತಿ ಕೂಡಲಾಗದವರು, ಮೂತ್ರ ಹೊರಡಲು ಕಾಯಬೇಕಾದವರು, ಎಷ್ಟು ತಿಣುಕಿದರೂ ಮಲ ಇಳಿಯದವರು ಈ ಪೈಕಿ ಇರುತ್ತಾರೆ. ಮನೆಯಲ್ಲಿ ಇದನ್ನು ಹುಡುಗಿಯ ಹಟ ಎಂದೋ, ಮನಸ್ಸಿಲ್ಲ ಎಂದೋ ಬಗೆಯುತ್ತಾರೆ. ಅದು ಅನ್ಯಾಯ. ಸ್ನಾಯು ಆಕೆಯ ಮಾತು ಕೇಳುತ್ತಿಲ್ಲ, ಅಷ್ಟೇ. ಇವರು ಕೆಗೆಲ್ ಮಾಡಿದರೆ ಕಷ್ಟ ಹೆಚ್ಚುತ್ತದೆ. ಹೊಟ್ಟೆ ತುಂಬಿ ಉಸಿರಾಡಿ ಸ್ನಾಯುವನ್ನು ಇಳಿಬಿಡುವುದು, ಹಂತಹಂತವಾಗಿ ಹಿಗ್ಗಿಸುವುದು, ಕಮೋಡಿನಲ್ಲಿ ಕೂರುವಾಗ ಕಾಲ ಕೆಳಗೆ ಮಣೆ ಇಟ್ಟು ಮೊಣಕಾಲು ಎತ್ತರ ಮಾಡಿಕೊಳ್ಳುವುದು ಇವರಿಗೆ ಬೇಕಾದ ಪಾಠ. ಯಾರಿಗೆ ಯಾವ ಪಾಠ ಎಂದು ಪರೀಕ್ಷಿಸದೆ ತಿಳಿಯುವುದಿಲ್ಲ.

ಗಂಡಸರಿಗೂ ಈ ಸ್ನಾಯು ಇದೆ. ಪ್ರಾಸ್ಟೇಟ್ ಕ್ಯಾನ್ಸರ್ ಶಸ್ತ್ರಚಿಕಿತ್ಸೆಯ ನಂತರ ತಿಂಗಳುಗಟ್ಟಲೆ ಮೂತ್ರ ಸೋರುವುದುಂಟು. ಆಪರೇಶನ್‌ಗೆ ಮೊದಲೇ ವ್ಯಾಯಾಮ ಕಲಿತಿದ್ದರೆ ಆಮೇಲೆ ಒಳ್ಳೆಯದು. ಮನೆಯ ಹಿರಿಯರಿಗೆ ಈ ಮಾತು ಮುಟ್ಟಿಸಿ.

ಮಂಗಳೂರು ಫಿಸಿಯೋಥೆರಪಿ ಶಿಕ್ಷಣದ ಊರು. ಕಂಕನಾಡಿಯ ಫಾದರ್ ಮುಲ್ಲರ್, ಕೆಎಂಸಿ, ದೇರಳಕಟ್ಟೆಯ ನಿಟ್ಟೆ ಮತ್ತು ಯೆನೆಪೋಯ, ಲಕ್ಷ್ಮೀ ಮೆಮೋರಿಯಲ್, ಡಾ. ಎಂ.ವಿ. ಶೆಟ್ಟಿ, ಶ್ರೀನಿವಾಸ, ಹೀಗೆ ಪಟ್ಟಿ ಬೆಳೆಯುತ್ತದೆ. ಕೇರಳದಿಂದ, ಈಶಾನ್ಯ ರಾಜ್ಯಗಳಿಂದ ಮಕ್ಕಳು ಇಲ್ಲಿಗೆ ಓದಲು ಬರುತ್ತಾರೆ. ಇದೇ ಊರಿನ ಹಂಪನಕಟ್ಟೆಯಲ್ಲಿ 1849ರಷ್ಟು ಹಳೆಯ ಲೇಡಿಗೋಶನ್ ಆಸ್ಪತ್ರೆ ಇದೆ, ನೆರೆ ಜಿಲ್ಲೆಗಳಿಂದ, ಕಾಸರಗೋಡಿನಿಂದಲೂ ಬಡ ತಾಯಂದಿರು ಹೆರಿಗೆಗೆ ಬರುವ ಸರ್ಕಾರಿ ಆಸ್ಪತ್ರೆ. ಕಲಿಸಬಲ್ಲವರೂ ಕಲಿಯಬೇಕಾದವರೂ ಇಷ್ಟು ಹತ್ತಿರದಲ್ಲಿರುವ ಊರುಗಳು ಹೆಚ್ಚಿಲ್ಲ. ಫ್ರಾನ್ಸಿನಲ್ಲಿ ಹೆರಿಗೆಯಾದ ಮಹಿಳೆಗೆ ಈ ಸ್ನಾಯುವಿನ ತರಬೇತಿ ಸರ್ಕಾರಿ ಆರೋಗ್ಯ ವಿಮೆಯಲ್ಲೇ ಸಿಗುತ್ತದೆ, ಸಾಮಾನ್ಯವಾಗಿ 10 ಸಲ. ನಮಗೆ ಹತ್ತು ಬೇಡ. ಡಿಸ್ಚಾರ್ಜ್‌ಗೆ ಮೊದಲು ಒಂದು ಸಲ, ಮಗುವಿಗೆ ಚುಚ್ಚುಮದ್ದು ಹಾಕಿಸಲು ಬಂದ ದಿನ ತಾಯಿಗೆ ಇನ್ನೊಂದು ಸಲ ಸಿಕ್ಕರೂ ಸಾಕಷ್ಟು ಹೆಂಗಸರ ಮುಂದಿನ ಇಪ್ಪತ್ತು ವರ್ಷ ಬದಲಾಗುತ್ತದೆ.

ಹೋಗುವ ಮೊದಲು ವಿಚಾರಿಸಿ. ಫಿಸಿಯೋಥೆರಪಿ ಪದವಿ ಎಂದರೆ ನಾಲ್ಕು ವರ್ಷದ ಓದು, ಆಮೇಲೆ ಇಂಟರ್ನ್‌ಶಿಪ್. ಪೆಲ್ವಿಕ್ ಫ್ಲೋರ್ ಕೆಲಸಕ್ಕೆ ಅದರ ಮೇಲೆ ಪ್ರತ್ಯೇಕ ತರಬೇತಿ ಬೇಕು, ಎಲ್ಲರಿಗೂ ಅದು ಇರುವುದಿಲ್ಲ. 2021ರ ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳ ಕಾಯ್ದೆ ಬರುವ ತನಕ ಈ ವೃತ್ತಿಗೆ ಇಡೀ ದೇಶಕ್ಕೊಂದು ಶಾಸನಬದ್ಧ ಮಂಡಳಿಯೇ ಇರಲಿಲ್ಲ, ಹಾಗಾಗಿ ಬೋರ್ಡು ನೋಡಿ ನಂಬಬೇಡಿ. ಎಲ್ಲಿ ಕಲಿತಿರಿ, ಇಂಥ ರೋಗಿಗಳನ್ನು ನೋಡುತ್ತೀರಾ ಎಂದು ಕೇಳುವ ಹಕ್ಕು ನಿಮ್ಮದು. ನಿಮ್ಮ ಸ್ತ್ರೀರೋಗ ತಜ್ಞರಿಂದ ಚೀಟಿ ಬರೆಸಿಕೊಂಡು ಹೋದರೆ ಇನ್ನೂ ಒಳ್ಳೆಯದು.

ಸ್ತ್ರೀರೋಗ ವಿಭಾಗದ ವೈದ್ಯರಲ್ಲಿ, ದಾದಿಯರಲ್ಲಿ, ಮನೆಮನೆಗೆ ಹೋಗುವ ಆಶಾ ಕಾರ್ಯಕರ್ತೆಯರಲ್ಲಿ ನನ್ನದೊಂದು ವಿನಂತಿ. ರಕ್ತದೊತ್ತಡ, ಹಿಮೋಗ್ಲೋಬಿನ್ ಕೇಳುವ ಹಾಗೆಯೇ, ಕೆಮ್ಮಿದರೆ ಮೂತ್ರ ಹೋಗುತ್ತದೆಯೇ ಎಂದು ನೀವಾಗಿಯೇ ಕೇಳಿ. ನೀವು ಕೇಳಿದರೆ ಅವರು ಹೇಳುತ್ತಾರೆ.